ಹಗಲು ಮಡುವಿನಲ್ಲಿ, ಇರುಳು ಹುಲ್ಲಿನಲ್ಲಿ

ಏಪ್ರಿಲ್ ಬರುವ ಹೊತ್ತಿಗೆ ಸಿರುಗುಪ್ಪದ ಕಡೆಯ ತುಂಗಭದ್ರೆ ಬಂಡೆ, ಮರಳು, ಅಲ್ಲಲ್ಲಿ ಒಂದೊಂದು ಮಡು ಎಂದು ಒಡೆದುಕೊಂಡಿರುತ್ತದೆ. ದೇಶನೂರಿನ ಭತ್ತದ ಗದ್ದೆಗಳು ನೀರಿನ ಅಂಚಿನವರೆಗೂ ಬಂದಿವೆ. ವಿಜಯನಗರದ ಅರಸರ ಕಾಲದಲ್ಲಿ ಈ ಹೊಳೆಯ ಬಲದಂಡೆಗೆ ತೆಗೆದ ಕಾಲುವೆಗಳ ಸಾಲಿನಲ್ಲಿ ದೇಶನೂರು ಕಾಲುವೆಯೂ ಒಂದು. ಐದು ಶತಮಾನದಿಂದ ಇಲ್ಲಿಯ ಜನ ಹೊಳೆಯನ್ನು ಹೊಲಕ್ಕೆ ತಿರುಗಿಸಿಕೊಂಡು ಬದುಕಿದ್ದಾರೆ. ಮಡುವಿಗೆ ಇಳಿಯುವ ಎಮ್ಮೆ, ಜೊಂಡಿನ ಮರೆಯಲ್ಲಿ ಮೀನು ಹಿಡಿಯುವ ನೀರುನಾಯಿ, ಬಂಡೆಯ ಮೇಲೆ ಬಾಯಿ ತೆರೆದು ಬಿದ್ದಿರುವ ಮೊಸಳೆ: ಈ ಹೊಳೆಯ ದೊಡ್ಡ ಪ್ರಾಣಿಗಳೆಂದರೆ ಈಗ ಇಷ್ಟೇ.

ಆದರೆ ಭಾರತದ ನದಿಗಳು ಸುಮಾರು 60 ಲಕ್ಷ ವರ್ಷಗಳ ಕಾಲ ಇದಕ್ಕಿಂತ ಬಹಳ ದೊಡ್ಡದೊಂದು ಪ್ರಾಣಿಯನ್ನು ಸಾಕಿದ್ದವು. ಅದು ನೀರಾನೆ. ಆಫ್ರಿಕಾದ ಪ್ರಾಣಿ ಎಂದೇ ನಾವು ಪಾಠ ಓದಿದ, ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದ ಕೊಳದ ಕಟ್ಟೆಗೆ ಒರಗಿ ಮಕ್ಕಳಿಗೆ ತೋರಿಸುವ ಅದೇ ನೀರಾನೆಯ ಬಳಗ. ನಮ್ಮ ನೆಲದಿಂದ ಅದು ಅಳಿದು ಹದಿನಾರು ಸಾವಿರ ವರ್ಷ ಕಳೆದಿರಬಹುದು. ಭೂಮಿಯ ವಯಸ್ಸಿನ ಲೆಕ್ಕದಲ್ಲಿ ಇದು ನಿನ್ನೆ ಮೊನ್ನೆಯ ಮಾತು. ಅದು ಯಾಕೆ ಅಳಿಯಿತು ಎಂದು ತಿಳಿಯಬೇಕಾದರೆ ಅದು ಹೇಗೆ ಬದುಕುತ್ತದೆ ಎಂದು ಮೊದಲು ತಿಳಿಯಬೇಕು. ಅದಕ್ಕೆ ಆಫ್ರಿಕಾದಲ್ಲಿ ಉಳಿದಿರುವ ನೀರಾನೆಯೇ ನಮಗಿರುವ ಗುರು.

ನೀರಾನೆಯ ಬದುಕನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಹಗಲು ಮಡುವಿನಲ್ಲಿ ಇರುತ್ತದೆ, ಇರುಳು ದಡ ಹತ್ತಿ ಹುಲ್ಲು ಮೇಯುತ್ತದೆ. ಅದರ ಮೈಕಟ್ಟು, ಜಗಳ, ಸಂಸಾರ, ಕೊನೆಗೆ ಅದರ ಅಳಿವು ಕೂಡ ಈ ಒಂದು ಸಾಲಿನಿಂದಲೇ ಹುಟ್ಟಿಬಂದಿವೆ.

ಮೊದಲು ಚರ್ಮ ನೋಡಿ. ನೋಡುವುದಕ್ಕೆ ಗುರಾಣಿಯಂತಿದೆ, ಒಳಪದರ ಕೆಲವು ಕಡೆ ನಾಲ್ಕೈದು ಸೆಂಟಿಮೀಟರ್ ದಪ್ಪವೂ ಇದೆ. ಹೊರಪದರ ಮಾತ್ರ ಬಹಳ ತೆಳು. ಮೈಮೇಲೆ ಕೂದಲು ಇಲ್ಲವೆನ್ನುವಷ್ಟು ಕಡಿಮೆ, ನಮ್ಮ ಹಾಗೆ ಬೆವರಿಸುವ ಗ್ರಂಥಿಗಳೂ ಇಲ್ಲ. ಬಿಸಿಲಿಗೆ ನಿಂತರೆ ಆ ತೆಳು ಪದರದ ಮೂಲಕ ಮೈಯ ನೀರು ಬೇಗ ಆರಿಹೋಗುತ್ತದೆ, ಚರ್ಮ ಒಣಗಿ ಬಿರಿಯುತ್ತದೆ. ಎರಡು ಟನ್ ತೂಗುವ ಪ್ರಾಣಿ ಒಂದು ಮಧ್ಯಾಹ್ನದ ಬಿಸಿಲಿಗೆ ಹೆದರಬೇಕಾದ ಸ್ಥಿತಿ ಅದರದು. ಹಾಗಾಗಿಯೇ ಹಗಲೆಲ್ಲ ನೀರು.

ಚರ್ಮದ ರಕ್ಷಣೆಗೆ ಇನ್ನೊಂದು ಉಪಾಯವೂ ಉಂಟು. ಚರ್ಮದಡಿಯ ಗ್ರಂಥಿಗಳಿಂದ ಒಂದು ಅಂಟುದ್ರವ ಒಸರುತ್ತದೆ. ಹೊರಬಂದಾಗ ಅದಕ್ಕೆ ಬಣ್ಣವಿಲ್ಲ. ಕೆಲವೇ ನಿಮಿಷಗಳಲ್ಲಿ ಕೆಂಪಾಗುತ್ತದೆ, ಕೆಲವು ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ನೀರಾನೆ ರಕ್ತ ಬೆವರುತ್ತದೆ ಎಂಬ ಹಳೆಯ ನಂಬಿಕೆ ಹುಟ್ಟಿದ್ದು ಇದನ್ನು ನೋಡಿಯೇ. 2004ರಲ್ಲಿ ಜಪಾನಿನ ರಸಾಯನ ವಿಜ್ಞಾನಿಗಳು ಮೃಗಾಲಯದ ನೀರಾನೆಯ ಮೈಯಿಂದ ಈ ದ್ರವವನ್ನು ಒರೆಸಿ ತೆಗೆದು ಬಿಡಿಸಿ ನೋಡಿದರು. ಅದರಲ್ಲಿ ಎರಡು ವರ್ಣದ್ರವ್ಯಗಳಿದ್ದವು, ಒಂದು ಕೆಂಪು, ಇನ್ನೊಂದು ಕಿತ್ತಳೆ. ಕೆಂಪಿಗೆ ಹಿಪ್ಪೊಸುಡೋರಿಕ್ ಆಮ್ಲ, ಕಿತ್ತಳೆಗೆ ನಾರ್‌ಹಿಪ್ಪೊಸುಡೋರಿಕ್ ಆಮ್ಲ ಎಂದು ಹೆಸರಿಟ್ಟರು. ಎರಡೂ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುತ್ತವೆ. ಕೆಂಪು ದ್ರವ್ಯಕ್ಕೆ ಇನ್ನೂ ಒಂದು ಗುಣವಿದೆ, ಅದು ರೋಗ ತರುವ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ಗಂಡುಗಳು ಒಂದನ್ನೊಂದು ಕೋರೆಹಲ್ಲಿನಿಂದ ಸೀಳಿಕೊಂಡು, ಆ ಗಾಯಗಳೊಡನೆ ಲದ್ದಿ ತುಂಬಿದ ಕೊಳಕು ನೀರಿನಲ್ಲಿ ದಿನವಿಡೀ ನಿಂತರೂ ಗಾಯ ಕೊಳೆಯದೆ ಮಾಯುವುದು ನೋಡಿದವರನ್ನು ಬೆರಗುಗೊಳಿಸುತ್ತಿತ್ತು. ಆ ಬೆರಗಿಗೆ ಕೊಂಚ ಉತ್ತರ ಇಲ್ಲಿ ಸಿಕ್ಕಿತು.

ಇಷ್ಟೊಂದು ನೀರಿಗೆ ಅಂಟಿಕೊಂಡ ಪ್ರಾಣಿ ಈಜುಬಲ್ಲದೆಂದು ಯಾರಾದರೂ ಎಣಿಸುತ್ತಾರೆ. ಆದರೆ ಬೆಳೆದ ನೀರಾನೆ ಈಜುವುದಿಲ್ಲ. ಮೂಳೆಗಳು ಗಟ್ಟಿ, ಮೈ ನೀರಿಗಿಂತ ಭಾರ. ಅದು ತಳಕ್ಕೆ ಇಳಿದು ಕಾಲೂರಿ ನಡೆಯುತ್ತದೆ, ನೆಗೆಯುತ್ತದೆ, ತಳವನ್ನು ಒದ್ದು ಮೇಲೆ ಬರುತ್ತದೆ. ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರೂ ತಲೆಯ ಮೇಲ್ಗಡೆ ಒಂದೇ ಮಟ್ಟದಲ್ಲಿವೆ, ಆದ್ದರಿಂದ ಮೈಯೆಲ್ಲ ಮುಳುಗಿದ್ದರೂ ನೋಡಬಹುದು, ಕೇಳಬಹುದು, ಉಸಿರಾಡಬಹುದು. ಮುಳುಗುವಾಗ ಹೊಳ್ಳೆಗಳು ಮುಚ್ಚಿಕೊಳ್ಳುತ್ತವೆ, ಕಿವಿಗಳು ಮಡಚಿಕೊಳ್ಳುತ್ತವೆ. ಐದು ನಿಮಿಷದವರೆಗೆ ಉಸಿರು ಕಟ್ಟಿ ಇರಬಲ್ಲದು. ನಿದ್ದೆಯಲ್ಲಿದ್ದರೂ ಎಚ್ಚರಾಗದೆಯೇ ಮೇಲೆ ಬಂದು ಉಸಿರೆಳೆದು ಮತ್ತೆ ತಳಕ್ಕಿಳಿಯುತ್ತದೆ. ಅದಕ್ಕೆ ಬೇಕಾದದ್ದು ಆಳವಾದ, ಸೆಳವಿನ ಹೊಳೆಯಲ್ಲ. ಬೆನ್ನು ಮುಳುಗುವಷ್ಟು ನೀರು, ಕಾಲಿಗೆ ಸಿಗುವ ತಳ, ಇಳಿಜಾರಾದ ದಡ ಇದ್ದರೆ ಸಾಕು. ನಾವು ಮಡು ಎನ್ನುತ್ತೇವಲ್ಲ, ಸರಿಯಾಗಿ ಅದು.

ಕತ್ತಲಾಗುತ್ತಲೇ ಹಿಂಡು ಮಡುವಿನಿಂದ ಏಳುತ್ತದೆ. ತಲೆಮಾರುಗಳಿಂದ ತುಳಿದು ಸವೆಸಿದ ದಾರಿಗಳಲ್ಲಿ ಒಂದೊಂದಾಗಿ ದಡ ಹತ್ತಿ, ಕೆಲವು ಕಿಲೋಮೀಟರ್ ದೂರದವರೆಗೂ ಹೋಗಿ ಮೇಯುತ್ತವೆ. ನೀರಿನಲ್ಲಿ ಮೈಗೆ ಮೈ ಒತ್ತಿಕೊಂಡಿದ್ದವು ಹುಲ್ಲುಗಾವಲಿನಲ್ಲಿ ಬೇರೆಬೇರೆಯಾಗುತ್ತವೆ. ತಾಯಿ ಮರಿಗಳ ಹೊರತು ಒಂದಕ್ಕೊಂದರ ಹಂಗಿಲ್ಲ. ಬೆದರಿಸುವುದಕ್ಕೆ ಬಳಸುವ ಆ ಭಯಂಕರ ಹಲ್ಲುಗಳು ಮೇಯುವಾಗ ಕೆಲಸಕ್ಕೆ ಬಾರವು. ಸುಮಾರು ಅರ್ಧ ಮೀಟರ್ ಅಗಲದ ಗಡಸು ತುಟಿಗಳಿಂದ ಹುಲ್ಲನ್ನು ಹಿಡಿದು ಕಿತ್ತು ತಿನ್ನುತ್ತದೆ. ಗಿಡ್ಡ ಹುಲ್ಲೇ ಅದಕ್ಕೆ ಇಷ್ಟ. ಪದೇಪದೇ ಮೇಯ್ದ ಜಾಗದಲ್ಲಿ ಹುಲ್ಲು ಚಿಗುರುತ್ತಲೇ ಇರುತ್ತದೆ, ಆ ಎಳೆ ಹುಲ್ಲಿಗೆ ಜಿಂಕೆಯ ಬಳಗದ ಬೇರೆ ಪ್ರಾಣಿಗಳೂ ಬರುತ್ತವೆ. ಒಂದು ಇರುಳಿಗೆ ಒಂದು ನೀರಾನೆ ತಿನ್ನುವುದು ಸುಮಾರು 40 ಕೆಜಿ ಹುಲ್ಲು. ಅದರ ಗಾತ್ರಕ್ಕೆ ಇದು ಬಹಳ ಕಡಿಮೆ. ಹಗಲೆಲ್ಲ ನೀರಿನಲ್ಲಿ ತೂಕವಿಲ್ಲದ ಹಾಗೆ ನಿಂತು ಶಕ್ತಿ ಉಳಿಸುವುದರಿಂದ ಅಷ್ಟರಲ್ಲೇ ನಡೆಯುತ್ತದೆ. ಹೊಟ್ಟೆಯಲ್ಲಿ ಮೂರು ಕೋಣೆಗಳಿವೆ, ಅಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುತ್ತವೆ. ಆದರೆ ದನಗಳಂತೆ ಅದು ಮೆಲುಕು ಹಾಕುವುದಿಲ್ಲ.

ಮಡುವಿಗೆ ಒಬ್ಬ ಒಡೆಯ ಇರುತ್ತಾನೆ. ನದಿಯ ದಂಡೆಯ ಕೆಲವು ನೂರು ಮೀಟರ್ ಉದ್ದ ಒಂದು ಬಲಿಷ್ಠ ಗಂಡಿನ ಸೀಮೆ. ಅಲ್ಲಿ ಹೆಣ್ಣುಗಳನ್ನು ಕೂಡುವ ಹಕ್ಕು ಅದರದು. ಬೇರೆ ಗಂಡುಗಳು ತಗ್ಗಿ ಬಗ್ಗಿ ಇದ್ದರೆ ಅವನ್ನೂ ಅದು ಇರಗೊಡುತ್ತದೆ. ಈ ಒಡೆತನ ನೀರಿಗೆ ಮಾತ್ರ. ಹುಲ್ಲುಗಾವಲಿನಲ್ಲಿ ಯಾರ ಸೀಮೆಯೂ ಇಲ್ಲ. ನೀರಾನೆ ಬಾಯಿ ಅಗಲಿಸುವುದನ್ನು ನಾವು ಆಕಳಿಕೆ ಎಂದು ತಿಳಿಯುತ್ತೇವೆ. ಅದು ಆಯುಧ ತೋರಿಸುವ ರೀತಿ. ದವಡೆಗಳು ಸುಮಾರು 150 ಡಿಗ್ರಿ ತೆರೆದುಕೊಳ್ಳುತ್ತವೆ, ಕೆಳದವಡೆಯ ಕೋರೆಹಲ್ಲುಗಳು ಅರ್ಧ ಮೀಟರ್ ಉದ್ದ ಬೆಳೆಯಬಲ್ಲವು. ಮೇಲಿನ ಕೋರೆಗೆ ಉಜ್ಜಿ ಉಜ್ಜಿ ಅವು ಯಾವಾಗಲೂ ಹರಿತವಾಗಿಯೇ ಇರುತ್ತವೆ. ಹೆಚ್ಚಿನ ಜಗಳಗಳು ಬಾಯಿ ತೋರಿಸುವುದರಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಎರಡರಲ್ಲೊಂದು ಸಾಯುವುದೂ ಉಂಟು.

ಲದ್ದಿ ಹಾಕುವಾಗ ಚಪ್ಪಟೆ ಬಾಲವನ್ನು ಗಿರಗಿರನೆ ತಿರುಗಿಸಿ ಸುತ್ತಲೂ ಎರಚುವುದು ಗಂಡು ನೀರಾನೆಯ ಇನ್ನೊಂದು ಭಾಷೆ. ಮೊಜಾಂಬಿಕ್‌ನ ಮಪೂಟೊ ಅಭಯಾರಣ್ಯದಲ್ಲಿ ಫ್ರಾನ್ಸಿನ ನಿಕೊಲಾ ಮಾತೆವೊನ್ ಮತ್ತು ಸಂಗಡಿಗರು ಮಾಡಿದ ಒಂದು ಸರಳ ಪ್ರಯೋಗ 2022ರಲ್ಲಿ ಪ್ರಕಟವಾಯಿತು. ನೀರಾನೆಗಳು ದೂರದವರೆಗೆ ಕೇಳುವಂತೆ ಉಬ್ಬಸದ ಎಳೆತದಿಂದ ಶುರುವಾಗಿ ಗೊಗ್ಗರು ದನಿಯಲ್ಲಿ ಮುಗಿಯುವ ಒಂದು ಕೂಗು ಹಾಕುತ್ತವೆ. ಅದನ್ನು ಧ್ವನಿಮುದ್ರಿಸಿ ಬೇರೆಬೇರೆ ಹಿಂಡುಗಳಿಗೆ ಕೇಳಿಸಿದರು. ತಮ್ಮ ಹಿಂಡಿನವರ ಕೂಗಿಗೆ ಅವು ಹೆಚ್ಚೇನೂ ಕೆರಳಲಿಲ್ಲ. ಅದೇ ಕೆರೆಯ ನೆರೆಹಿಂಡಿನ ಕೂಗಿಗೆ ಸ್ವಲ್ಪ ಕೆರಳಿದವು. ಎಂದೂ ಕೇಳದ ದೂರದ ಹಿಂಡಿನ ಕೂಗು ಕೇಳಿದಾಗ ಎಲ್ಲಕ್ಕಿಂತ ಹೆಚ್ಚು ಕೆರಳಿ, ಹತ್ತಿರ ಬಂದು, ಲದ್ದಿ ಎರಚಿದವು. ಅಂದರೆ ಅವು ದನಿಯಿಂದಲೇ ನೆರೆಯವರನ್ನೂ ಪರಕೀಯರನ್ನೂ ಗುರುತಿಸುತ್ತವೆ. ನೀರಾನೆಗಳನ್ನು ಒಂದು ಮಡುವಿನಿಂದ ಇನ್ನೊಂದಕ್ಕೆ ಸಾಗಿಸುವಾಗ ಮೊದಲೇ ಎರಡೂ ಕಡೆಯ ದನಿಗಳನ್ನು ಕೇಳಿಸಿ ಪರಿಚಯ ಮಾಡಿಸಬಹುದು ಎಂಬ ಸಲಹೆ ಇದರಿಂದ ಹುಟ್ಟಿತು. ನನಗೆ ಇದು ಬಹಳ ಒಳ್ಳೆಯ ವಿಜ್ಞಾನವಾಗಿ ಕಾಣುತ್ತದೆ: ಪ್ರಾಣಿಯನ್ನು ಮುಟ್ಟದೆ, ಕೆಡಿಸದೆ, ಒಂದು ಪೆಟ್ಟಿಗೆಯಿಂದ ದನಿ ಕೇಳಿಸಿ ಕಾದು ನೋಡಿದ್ದು.

ಲದ್ದಿಯ ಮಾತು ಬಂದದ್ದರಿಂದ ಅದನ್ನು ಇನ್ನಷ್ಟು ಹೇಳಬೇಕು, ಯಾಕೆಂದರೆ ನೀರಾನೆ ನದಿಗೆ ಏನು ಮಾಡುತ್ತದೆ ಎಂಬುದರ ತಿರುಳೇ ಅಲ್ಲಿದೆ. ಹುಲ್ಲು ತಿನ್ನುವುದು ದಡದಲ್ಲಿ, ಲದ್ದಿಯ ದೊಡ್ಡ ಪಾಲು ಬೀಳುವುದು ನೀರಿನಲ್ಲಿ. ಪ್ರತಿ ಇರುಳೂ ಹುಲ್ಲುಗಾವಲಿನ ಸಾರ ಹೊಳೆಗೆ ಇಳಿಯುತ್ತದೆ. ಕೀನ್ಯಾದ ಮಾರಾ ನದಿಯಲ್ಲಿ ಸುಮಾರು 4,000 ನೀರಾನೆಗಳಿವೆ. ಅವು ದಿನಕ್ಕೆ ಸುಮಾರು 36 ಟನ್ ಹಸಿ ಲದ್ದಿಯನ್ನು ನೀರಿಗೆ ಸೇರಿಸುತ್ತವೆ ಎಂದು 2015ರಲ್ಲಿ ಅಮಂಡಾ ಸುಬಲಸ್ಕಿ ಮತ್ತು ಸಂಗಡಿಗರು ಲೆಕ್ಕ ಹಾಕಿದರು. 2019ರ ಇನ್ನೊಂದು ಅಧ್ಯಯನ ಅದೇ ನದಿಯಲ್ಲಿ ಸಿಲಿಕಾದ ಜಾಡು ಹಿಡಿಯಿತು. ಹುಲ್ಲಿನ ಎಲೆಯ ಅಂಚು ಕೈ ಕೊಯ್ಯುವುದು ಅದರೊಳಗಿನ ಸಿಲಿಕಾದಿಂದ. ನೀರಾನೆಗಳ ಹೊಟ್ಟೆಯ ಮೂಲಕ ದಿನಕ್ಕೆ ಸುಮಾರು 400 ಕೆಜಿ ಸಿಲಿಕಾ ನದಿ ಸೇರುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳಿಗೆ ತಮ್ಮ ಚಿಪ್ಪು ಕಟ್ಟಿಕೊಳ್ಳುವುದಕ್ಕೆ ಅದೇ ಬೇಕು, ಆ ಪಾಚಿಗಳು ಕೆಳಗಿನ ವಿಕ್ಟೋರಿಯಾ ಸರೋವರದ ಮೀನುಗಳ ಅನ್ನದ ಬುಡ.

ನೀರು ಹರಿಯುತ್ತಿರುವವರೆಗೆ ಇದು ಗೊಬ್ಬರ. ಹರಿವು ನಿಂತಾಗ ಇದೇ ವಿಷ. ಬೇಸಿಗೆಯಲ್ಲಿ ಮಾರಾ ನದಿ ಸೊರಗಿದಾಗ ಮಡುಗಳ ತಳದಲ್ಲಿ ಲದ್ದಿ ಕೊಳೆತು ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಆಮೇಲೆ ಮಳೆ ಬಿದ್ದು ಒಮ್ಮೆಲೇ ಹೊಸನೀರು ಬಂದರೆ ಆ ಕೊಳೆನೀರು ತಳದಿಂದೆದ್ದು ಕೆಳಕ್ಕೆ ಹರಿಯುತ್ತದೆ, ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಕ್ರಿಸ್ಟೋಫರ್ ಡಟನ್ ಮತ್ತು ತಂಡ 2018ರಲ್ಲಿ ಇದನ್ನು ಅಳೆದು ತೋರಿಸಿದರು. ಅದೇ ಪ್ರಾಣಿ, ಅದೇ ಲದ್ದಿ. ವ್ಯತ್ಯಾಸ ನೀರಿನ ಹರಿವಿನದು. ಬಳ್ಳಾರಿಯ ಓದುಗರಿಗೆ ಸಗಣಿ ನೆಲದ ಚರಿತ್ರೆಯನ್ನು ಬರೆಯಬಲ್ಲದು ಎಂಬುದು ಹೊಸದಲ್ಲ. ಕುಡತಿನಿಯ ಬೂದಿದಿಬ್ಬ ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನಗಾರರು ಗುಡ್ಡೆ ಹಾಕಿ ಸುಟ್ಟ ಸಗಣಿಯದು. ದನಗಳ ಸಗಣಿ ಬೆಂದು ನೆಲದ ಮೇಲೆ ಉಳಿಯಿತು, ನೀರಾನೆಗಳ ಲದ್ದಿ ನೀರಿನಲ್ಲಿ ಕರಗಿ ಮೀನಾಗಿ ಹೋಯಿತು.

ಹೆಣ್ಣು ನೀರಾನೆ ಎಂಟು ತಿಂಗಳು ಗಬ್ಬವಿದ್ದು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಹೆರಿಗೆ ಹೆಚ್ಚಾಗಿ ನೀರಿನಲ್ಲೇ. ಮರಿ ಹುಟ್ಟಿದ ಕೂಡಲೇ ಮೇಲೆದ್ದು ಮೊದಲ ಉಸಿರು ಎಳೆಯಬೇಕು. ಹಾಲು ಕುಡಿಯುವುದೂ ನೀರಿನೊಳಗೇ, ಕಿವಿ ಮಡಚಿ, ಮೂಗು ಮುಚ್ಚಿ. ಆಳದ ನೀರಿನಲ್ಲಿ ಮರಿ ತಾಯಿಯ ಬೆನ್ನೇರುತ್ತದೆ. ಎರಡು ವರ್ಷಕ್ಕೊಂದು ಮರಿ ಎಂದರೆ ವೇಗದ ಸಂತಾನವಲ್ಲ; ಒಮ್ಮೆ ಸಂಖ್ಯೆ ಕುಸಿದರೆ ತುಂಬುವುದಕ್ಕೆ ದಶಕಗಳು ಬೇಕು. ಮರಿಯ ಜತೆಗಿರುವ ತಾಯಿಗೆ ಮನುಷ್ಯ ಎದುರಾದರೆ, ಇಲ್ಲವೇ ದಡದಲ್ಲಿ ಮೇಯುತ್ತಿರುವಾಗ ನೀರಿನ ದಾರಿಗೆ ಅಡ್ಡ ನಿಂತರೆ ಅನಾಹುತ ಖಂಡಿತ. ಆಫ್ರಿಕಾದಲ್ಲಿ ದೋಣಿಯ ಬೆಸ್ತರು, ನೀರು ತರಲು ಹೋದ ಹೆಂಗಸರು, ಮುಂಜಾವಿನಲ್ಲಿ ಹೊಲಕ್ಕೆ ಹೊರಟ ರೈತರು ಸಾಯುವುದು ಹೀಗೆ. ನೀರಾನೆ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಇಂಗ್ಲೆಂಡಿನ ರಾಯಲ್ ವೆಟರ್ನರಿ ಕಾಲೇಜಿನ ಜಾನ್ ಹಚಿನ್ಸನ್ ಮತ್ತು ಎಮಿಲಿ ಪ್ರಿಂಗಲ್ 2024ರಲ್ಲಿ ವಿಡಿಯೊಗಳನ್ನು ಚೌಕಟ್ಟು ಚೌಕಟ್ಟಾಗಿ ನೋಡಿ, ಜೋರಾಗಿ ಓಡುವಾಗ ಅದರ ನಾಲ್ಕೂ ಕಾಲುಗಳು ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂದು ಕಂಡುಕೊಂಡರು. ಆನೆಗೆ ಅದು ಸಾಧ್ಯವಿಲ್ಲ.

ಹೆಸರಿನಲ್ಲಿ ಆನೆ ಇದ್ದರೂ ಆನೆಯ ಬಳಗಕ್ಕೂ ಇದಕ್ಕೂ ನಂಟಿಲ್ಲ. ಹಂದಿಯ ಸಂಬಂಧಿ ಎಂದು ಬಹುಕಾಲ ನಂಬಿದ್ದರು. 1990ರ ದಶಕದಲ್ಲಿ ಡಿಎನ್ಎ ಹೋಲಿಸಿ ನೋಡಿದಾಗ ಬದುಕಿರುವ ಪ್ರಾಣಿಗಳಲ್ಲಿ ನೀರಾನೆಗೆ ಅತಿ ಹತ್ತಿರದ ನಂಟ ತಿಮಿಂಗಿಲ ಎಂದು ತಿಳಿಯಿತು. ಸುಮಾರು ಐದೂವರೆ ಕೋಟಿ ವರ್ಷಗಳ ಹಿಂದೆ ಎರಡಕ್ಕೂ ಒಬ್ಬರೇ ಪೂರ್ವಿಕರು. ಈ ಕತೆಯಲ್ಲಿ ಭಾರತದ ಪಾಲು ದೊಡ್ಡದು. ತಿಮಿಂಗಿಲಗಳ ಮೂಲಕ್ಕೆ ಬಹಳ ಹತ್ತಿರದ್ದು ಎಂದು ಗುರುತಿಸಿರುವ, ಬೆಕ್ಕಿನಷ್ಟೇ ಗಾತ್ರದ, ಗೊರಸಿನ ಇಂಡೊಹಯಸ್ ಎಂಬ ಪ್ರಾಣಿಯ ಮೂಳೆಗಳು ಸಿಕ್ಕಿದ್ದು ಜಮ್ಮು ಮತ್ತು ಕಾಶ್ಮೀರದ ಕಾಲಾಕೋಟ್‌ನಲ್ಲಿ. ಅದನ್ನು ಮೊದಲು ಕಲೆಹಾಕಿದವರು ಎ. ರಂಗರಾವ್ ಎಂಬ ಭಾರತೀಯ ಭೂವಿಜ್ಞಾನಿ. ಅವರು ಒಡೆಯದೆ ಉಳಿಸಿದ್ದ ಕಲ್ಲುಗಳನ್ನು ಆಮೇಲೆ ಬಿಡಿಸಿದಾಗ ಸಿಕ್ಕ ಕಿವಿಯ ಮೂಳೆಯೇ 2007ರಲ್ಲಿ ಹಾನ್ಸ್ ಥೆವಿಸೆನ್ ತಂಡಕ್ಕೆ ತಿಮಿಂಗಿಲಗಳ ನಂಟನ್ನು ತೋರಿಸಿಕೊಟ್ಟಿತು.

ಇನ್ನು ನಮ್ಮ ನೀರಾನೆ. 1830ರ ದಶಕದಲ್ಲಿ ಸಹಾರನಪುರದ ಸಸ್ಯೋದ್ಯಾನದ ಮೇಲ್ವಿಚಾರಕ ಹ್ಯೂ ಫಾಲ್ಕನರ್ ಮತ್ತು ಕಾಲುವೆಗಳ ಎಂಜಿನಿಯರ್ ಪ್ರೋಬಿ ಕಾಟ್ಲಿ ಶಿವಾಲಿಕ್ ಬೆಟ್ಟಗಳಲ್ಲಿ ಮೂಳೆಗಳನ್ನು ಹುಡುಕತೊಡಗಿದರು. ಸಿಕ್ಕ ರಾಶಿಯಲ್ಲಿ ನೀರಾನೆಯ ತಲೆಬುರುಡೆಗಳಿದ್ದವು. ಈಗಿನ ಆಫ್ರಿಕಾದ ನೀರಾನೆಗೆ ಕೆಳದವಡೆಯ ಮುಂದೆ ನಾಲ್ಕು ಬಾಚಿಹಲ್ಲುಗಳು, ಶಿವಾಲಿಕ್‌ನದಕ್ಕೆ ಆರು. ಆ ಆರು ಹಲ್ಲುಗಳ ಗುರುತಿನಿಂದ 1836ರಲ್ಲಿ ಹೆಕ್ಸಪ್ರೊಟೊಡಾನ್ ಎಂಬ ಹೆಸರು ಬಂತು. ಆಮೇಲೆ ನರ್ಮದಾ ಕಣಿವೆಯ ಜಲ್ಲಿಯಲ್ಲಿ ಇದೇ ಬಳಗದ ಬೇರೆ ಜಾತಿಗಳು ಸಿಕ್ಕವು. ಅವುಗಳ ಸಂಗಡ ದೊಡ್ಡ ಕೊಂಬಿನ ಆನೆ, ಕಾಡುಕುದುರೆ, ಕಾಡುದನಗಳ ಮೂಳೆಗಳೂ, ಅದೇ ಕಾಲದ ಮನುಷ್ಯರ ಕಲ್ಲಿನ ಆಯುಧಗಳೂ ಇದ್ದವು. ಅಂದರೆ ಈ ನೆಲದ ಹಳೆಯ ಬೇಟೆಗಾರರು ನೀರಾನೆಯನ್ನು ಕಣ್ಣಾರೆ ಕಂಡವರು.

ಅದು ಎಲ್ಲಿಯವರೆಗೆ ಉಳಿದಿತ್ತು? 2019ರಲ್ಲಿ ಅದ್ವೈತ್ ಜುಕರ್, ರಾಜೀವ್ ಪಟ್ನಾಯಕ್, ಪಾರ್ಥ್ ಚೌಹಾಣ್ ಮತ್ತು ಸಂಗಡಿಗರು ಮಧ್ಯಭಾರತದ ಹೆಕ್ಸಪ್ರೊಟೊಡಾನ್ ಹಲ್ಲೊಂದರ ಕಾಲವನ್ನು ರೇಡಿಯೊಕಾರ್ಬನ್ ವಿಧಾನದಿಂದ ನೇರವಾಗಿ ಅಳೆದರು. ಸುಮಾರು 16,000 ವರ್ಷ ಎಂದು ಬಂತು. ದಕ್ಷಿಣ ಏಷ್ಯಾದಲ್ಲಿ ಇದಕ್ಕಿಂತ ಈಚಿನ ನೀರಾನೆಯ ಕುರುಹು ಸಿಕ್ಕಿಲ್ಲ. ಆ ಕಾಲ ಹಿಮಯುಗದ ಕೊನೆಯ ಹಂತ. ಉತ್ತರದ ಖಂಡಗಳ ಮೇಲೆ ಹಿಮ ಕವಿದಿತ್ತು, ಇಲ್ಲಿ ನಮ್ಮ ಮುಂಗಾರು ಕುಂದಿತ್ತು. ಮಳೆ ಕಡಿಮೆಯಾದಾಗ ಹುಲ್ಲಿಗೆ ಅಷ್ಟು ಬರ ಬರುವುದಿಲ್ಲ, ಒಣಹುಲ್ಲಾದರೂ ಇರುತ್ತದೆ. ಬತ್ತುವುದು ಮಡು. ಜಿಂಕೆ, ಕಾಡುಕೋಣ, ಆನೆಗಳು ನೀರು ಹುಡುಕಿ ಹತ್ತಾರು ಕಿಲೋಮೀಟರ್ ನಡೆದು, ಕುಡಿದು, ಹಿಂದಿರುಗಬಲ್ಲವು. ನೀರಾನೆಗೆ ಅದು ಸಾಲದು. ಅದು ನೀರು ಕುಡಿಯುವುದಕ್ಕೆ ಬರುವ ಪ್ರಾಣಿಯಲ್ಲ, ಹಗಲೆಲ್ಲ ನೀರಿನಲ್ಲಿ ಇರಲೇಬೇಕಾದ ಪ್ರಾಣಿ. ಒಂದೊಂದು ಮಡು ಬತ್ತಿದಂತೆ ಉಳಿದ ಮಡುಗಳಲ್ಲಿ ಅವು ಕಿಕ್ಕಿರಿದಿರಬೇಕು, ಮಡುವಿನಿಂದ ಮಡುವಿಗೆ ದಾರಿ ಕಡಿದಿರಬೇಕು. ಅಂಥ ಕಡೆ ಈಟಿ ಹಿಡಿದ ಮನುಷ್ಯರೂ ಅದೇ ನೀರಿಗೆ ಬಂದಿದ್ದರೆ ಅವನ್ನು ಮುಗಿಸುವುದಕ್ಕೆ ಹೆಚ್ಚು ಜನವೂ ಬೇಡ.

ನಮ್ಮ ಸೀಮೆಯಲ್ಲೇ ಸಿಕ್ಕ ಸಾಕ್ಷ್ಯವೊಂದು ಈ ತರ್ಕಕ್ಕೆ ಬಲ ಕೊಡುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯನ್ನು ಗುಡ್ಡ ಗುಡ್ಡವಾಗಿ ತಿರುಗಿ, 1895ರಲ್ಲಿ ಅದರ ಭೂವಿಜ್ಞಾನದ ಗ್ರಂಥ ಬರೆದವರು. ಸಂಗನಕಲ್ಲು, ಕಪ್ಪಗಲ್ಲುಗಳ ಕಲ್ಲುಕೊಡಲಿಗಳನ್ನು ಜಗತ್ತಿಗೆ ತೋರಿಸಿದವರೂ ಅವರೇ. ಅವರು ಗೋಕಾಕದ ಹತ್ತಿರ ಹಳ್ಳವೊಂದರ ದಂಡೆಯ ಮಣ್ಣಿನಲ್ಲಿ ಘೇಂಡಾಮೃಗದ ಮೂಳೆಗಳನ್ನು ಕಂಡು, 1874ರಲ್ಲಿ ಅದಕ್ಕೆ ರೈನೊಸೆರಸ್ ಡೆಕ್ಕನೆನ್ಸಿಸ್ ಎಂದು ಹೆಸರಿಟ್ಟರು. 1880ರ ದಶಕದಲ್ಲಿ ಅವರೂ ಅವರ ಮಗ ಹೆನ್ರಿಯೂ ಆಗಿನ ಕರ್ನೂಲು ಜಿಲ್ಲೆಯ ಬಿಲ್ಲಸುರ್ಗಂ ಗುಹೆಗಳನ್ನು ಅಗೆದರು, ಅಲ್ಲೂ ಘೇಂಡಾಮೃಗವಿತ್ತು. ದೇಶನೂರನ್ನು ದಾಟಿದ ತುಂಗಭದ್ರೆ ಹರಿದು ಹೋಗುವುದು ಅದೇ ಕರ್ನೂಲಿನ ಕಡೆಗೆ. 2014ರಲ್ಲಿ ಹೊಸ ತಂಡವೊಂದು ಬಿಲ್ಲಸುರ್ಗಂನ ಪದರಗಳ ಕಾಲವನ್ನು ಅಳೆದು, ಕಳೆದ ಎರಡು ಲಕ್ಷ ವರ್ಷಗಳಲ್ಲಿ ಅಲ್ಲಿದ್ದ 21 ಬಗೆಯ ಸ್ತನಿಗಳಲ್ಲಿ 20 ಈಗಲೂ ಉಪಖಂಡದಲ್ಲಿ ಎಲ್ಲಾದರೊಂದು ಕಡೆ ಬದುಕಿವೆ ಎಂದು ತೋರಿಸಿತು. ಯುರೋಪು, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ದೊಡ್ಡ ಪ್ರಾಣಿಗಳು ಸಾಲುಸಾಲಾಗಿ ಅಳಿದಾಗ ಭಾರತ ತನ್ನ ಆನೆ, ಹುಲಿ, ಘೇಂಡಾಮೃಗ, ಕಾಡುಕೋಣಗಳನ್ನು ಉಳಿಸಿಕೊಂಡಿತು. ಬೆರಳೆಣಿಕೆಯ ಕೆಲವನ್ನು ಮಾತ್ರ ಕಳೆದುಕೊಂಡಿತು. ಆ ಕೆಲವುಗಳಲ್ಲಿ ನೀರಾನೆ ಒಂದು. ಬೇರೆಯವಕ್ಕೆ ಸರಿದುಹೋಗಲು ಕಾಡು ಇತ್ತು, ಇದಕ್ಕೆ ಮಡು ಬಿಟ್ಟರೆ ಬೇರೆ ತಾವಿರಲಿಲ್ಲ.

ಕಪ್ಪಗಲ್ಲಿನ ಹಿರೇಗುಡ್ಡದ ಬಂಡೆಗಳ ಮೇಲೆ ನವಶಿಲಾಯುಗದ ಜನ ಕುಟ್ಟಿ ಕುಟ್ಟಿ ಬಿಡಿಸಿದ್ದು ಉದ್ದ ಕೊಂಬಿನ ಎತ್ತುಗಳನ್ನು. ಸಿರುಗುಪ್ಪ ತಾಲೂಕಿನ ತೆಕ್ಕಲಕೋಟೆಯಲ್ಲಿ ಗುಡಿಸಲು ಕಟ್ಟಿ ಬಾಳಿದವರೂ ದನಗಾರರೇ. ಅವರ ಕಾಲಕ್ಕೆ ನೀರಾನೆ ಅಳಿದು ಹತ್ತು ಸಾವಿರಕ್ಕೂ ಹೆಚ್ಚು ವರ್ಷವಾಗಿತ್ತು, ನೆನಪಿನಲ್ಲೂ ಉಳಿದಿರಲಾರದು.

ನೀರು ಬತ್ತದ ಕಡೆ ನೀರಾನೆ ಏನಾಗುತ್ತದೆ ಎಂಬುದಕ್ಕೆ ಕೊಲಂಬಿಯ ಸಾಕ್ಷಿ. ಮಾದಕವಸ್ತು ದಂಧೆಯ ಪಾಬ್ಲೊ ಎಸ್ಕೊಬಾರ್ 1980ರ ದಶಕದಲ್ಲಿ ತನ್ನ ಖಾಸಗಿ ಮೃಗಾಲಯಕ್ಕೆ ನಾಲ್ಕು ನೀರಾನೆ ತರಿಸಿದ್ದ. 1993ರಲ್ಲಿ ಅವನು ಸತ್ತ ಮೇಲೆ ಅವು ಅಲ್ಲೇ ಉಳಿದು, ಮಗ್ದಲೇನಾ ನದಿಯ ಕಡೆಗೆ ಹರಡಿ, 2023ರ ಹೊತ್ತಿಗೆ ಸುಮಾರು 170 ಆಗಿದ್ದವು. ಅಲ್ಲಿ ವರ್ಷವಿಡೀ ಮಳೆ, ಒಣಗಾಲದ ಕಾಟವಿಲ್ಲ, ಸಿಂಹವೂ ಇಲ್ಲ. ಆ ವರ್ಷ ಅವುಗಳಲ್ಲಿ 60ನ್ನು ಗುಜರಾತಿನ ಜಾಮ್‌ನಗರದ ಪ್ರಾಣಿಧಾಮಕ್ಕೆ ಕಳಿಸುವ ಪ್ರಸ್ತಾಪವೂ ಬಂದಿತ್ತು. ಕೊಲಂಬಿಯ ಸರ್ಕಾರ ಕೊನೆಗೆ ಸಂತಾನಹರಣದ ಶಸ್ತ್ರಚಿಕಿತ್ಸೆಗೆ ಕೈಹಾಕಿತು. ಪ್ರಾಣಿಯನ್ನು ಶೋಕಿಗೆ ತಂದ ಒಬ್ಬನ ಹುಚ್ಚಿಗೆ ಒಂದು ನದಿಯ ಮೀನು, ಆಮೆ, ಬೆಸ್ತರು ಇಂದಿಗೂ ಬೆಲೆ ತೆರುತ್ತಿದ್ದಾರೆ.

ಅದರ ನಿಜವಾದ ನೆಲೆಯಲ್ಲಿ ಕತೆ ತಿರುವುಮುರುವು. ಆಫ್ರಿಕಾದಲ್ಲೆಲ್ಲ ಸೇರಿ ಈಗ 1,15,000ದಿಂದ 1,30,000 ನೀರಾನೆಗಳಿವೆ ಎಂಬುದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಅಂದಾಜು. ಅಪಾಯಕ್ಕೆ ಈಡಾಗಬಲ್ಲ ಜೀವಿಗಳ ಪಟ್ಟಿಯಲ್ಲಿ ಅದು ಸೇರಿದೆ. ಕಾಂಗೊದ ವಿರುಂಗಾ ಉದ್ಯಾನದಲ್ಲಿ 1970ರ ದಶಕದಲ್ಲಿ ಸುಮಾರು 29,000 ಇದ್ದವು. ಅಂತರ್ಯುದ್ಧದ ನಂತರ 2005ರಲ್ಲಿ ಎಣಿಸಿದಾಗ ಸಾವಿರಕ್ಕೂ ಕಡಿಮೆ. ಸೈನಿಕರು ಮಾಂಸಕ್ಕೆ, ವ್ಯಾಪಾರಿಗಳು ಕೋರೆಹಲ್ಲಿನ ದಂತಕ್ಕೆ ಕೊಂದರು. ಆನೆದಂತದ ಮಾರಾಟಕ್ಕೆ ಬಿಗಿ ಬಂದಾಗಲೆಲ್ಲ ನೀರಾನೆಯ ಹಲ್ಲಿಗೆ ಬೇಡಿಕೆ ಏರುತ್ತದೆ. ಅದಕ್ಕಿಂತ ನಿಧಾನವಾದ, ಆದರೆ ಹೆಚ್ಚು ಖಚಿತವಾದ ಕಾರಣ ನಮಗೆ ಪರಿಚಿತವಾದದ್ದೇ: ದಡದ ಹುಲ್ಲುಗಾವಲು ಹೊಲವಾಗುವುದು, ಹೊಳೆಯ ನೀರು ಕಾಲುವೆಗೆ ಹೋಗುವುದು. ಮಡು ಉಳಿದು ಹುಲ್ಲು ಹೋದರೂ ನೀರಾನೆ ಉಳಿಯದು, ಹುಲ್ಲು ಉಳಿದು ಮಡು ಬತ್ತಿದರೂ ಉಳಿಯದು.

ತುಂಗಭದ್ರೆಯ ಈಗಿನ ಮಡುಗಳನ್ನು ನಂಬಿ ಬದುಕಿರುವುದು ನೀರುನಾಯಿ. ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಪ್ರದೇಶವೆಂದು ಸರ್ಕಾರ ಘೋಷಿಸಿತು. ಅದು ಒಳ್ಳೆಯ ಕೆಲಸ. ಆದರೆ ಆ ಗಡಿ ಕಂಪ್ಲಿಯಲ್ಲಿ ನಿಲ್ಲುತ್ತದೆ, ಹೊಳೆ ನಿಲ್ಲುವುದಿಲ್ಲ. ಸಿರುಗುಪ್ಪದ ಮಡುಗಳೂ ಆ ಕಾವಲಿಗೆ ಸೇರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಕೊನೆಗೆ ಹೊಳೆಯ ದಂಡೆಯ ಓದುಗರಲ್ಲಿ ಒಂದು ಬೇಡಿಕೆ. ಬಳ್ಳಾರಿಯ ನೆಲದಲ್ಲಿ ನೀರಾನೆ ಇತ್ತು ಎಂದು ಮೂಳೆ ಸಿಗದೆ ಹೇಳುವಂತಿಲ್ಲ. ಸಿಗುವುದಾದರೆ ಅದು ಸಿಗುವುದು ವಿಜ್ಞಾನಿಗಿಂತ ಮೊದಲು ಬಾವಿ ತೋಡುವವರಿಗೆ, ದಂಡೆ ಕುಸಿದಾಗ ಗದ್ದೆಯ ಬದು ಕಟ್ಟುವವರಿಗೆ, ಮರಳು ತುಂಬುವವರಿಗೆ. ಹಳೆಯ ಜಲ್ಲಿಯ ಪದರದಲ್ಲಿ ಮೂಳೆಯ ಆಕಾರದ, ಕಲ್ಲಿನಷ್ಟು ಭಾರದ ತುಂಡು ಕಂಡರೆ ಎಸೆಯಬೇಡಿ. ಸವೆದ ದವಡೆಹಲ್ಲಿನ ಮೇಲ್ಮೈಯಲ್ಲಿ ಬಿಲ್ವಪತ್ರೆಯ ಹಾಗೆ ಮೂರು ದಳದ ಗುರುತು ಕಂಡರೆ ಅದು ನೀರಾನೆಯದಾಗಿರಬಹುದು. ತೊಳೆಯಬೇಡಿ, ಒಡೆಯಬೇಡಿ, ಅದು ಇದ್ದ ಜಾಗ, ಆಳ, ಸುತ್ತಲಿನ ಮಣ್ಣಿನ ಪದರ ಕಾಣುವಂತೆ ಫೋಟೊ ತೆಗೆಯಿರಿ. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನಲ್ಲೇ ಇರುವ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೋ, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ತಿಳಿಸಿ. ಮೂಳೆಯನ್ನು ಮಾತ್ರ ತಂದುಕೊಟ್ಟರೆ ಪ್ರಾಣಿಯ ಹೆಸರು ತಿಳಿಯುತ್ತದೆ. ಸಿಕ್ಕ ಜಾಗವನ್ನೂ ತೋರಿಸಿದರೆ ಅದು ಯಾವ ಕಾಲದಲ್ಲಿ, ಎಂಥ ಹೊಳೆಯಲ್ಲಿ ಬದುಕಿತ್ತು ಎಂಬುದೂ ತಿಳಿಯುತ್ತದೆ.